ವಿಡಿಯೊ ಸಂಕಲನ ಘಟಕಗಳಿಗೆ ಡಿಸ್ಕ್ ಮತ್ತು ಕಡತ ವ್ಯವಸ್ಥೆಯ ಆಯ್ಕೆ ಹಾಗೂ ವೇಗ ಪರೀಕ್ಷೆ: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ವಿಡಿಯೊ ಚಿತ್ರೀಕರಣ ಮತ್ತು ಸಂಕಲನವು ಅನೇಕ ಯುವಕ ಯುವತಿಯರ ಸ್ವಯಂ ಉದ್ಯೋಗವಾಗಿದೆ. ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳಲ್ಲದೆ ಏಪ್ರಿಲ್ ತಿಂಗಳಿನಲ್ಲಿ ನಡೆಯುವ ಪುತ್ತೂರು ಶ್ರೀ ಮಹಾಲಿಂಗೇಶ್ವರ ದೇವಾಲಯದ ಜಾತ್ರೆ, ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿ, ಊರೂರುಗಳ ನೇಮೋತ್ಸವ, ಯಕ್ಷಗಾನ ಬಯಲಾಟ ಮುಂತಾದವುಗಳು ಈ ವೃತ್ತಿಗೆ ಕೆಲಸ ಒದಗಿಸುತ್ತಿವೆ. ಇಂತಹ ಘಟಕವನ್ನು ಆರಂಭಿಸಲು ಅಥವಾ ವಿಸ್ತರಿಸಲು ಬ್ಯಾಂಕ್ ಸಾಲ ಹಾಗೂ ಸಹಾಯಧನ ಕೋರಿ ಅರ್ಜಿ ಸಲ್ಲಿಸುವವರು ಯೋಜನಾ ವರದಿಯೊಂದಿಗೆ ಉಪಕರಣಗಳ ದರಪಟ್ಟಿಯನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ದರಪಟ್ಟಿಯಲ್ಲಿ ಕ್ಯಾಮೆರಾ, ಮಸೂರ ಮತ್ತು ಪ್ರೊಸೆಸರ್‌ಗಳ ವಿವರ ವಿಸ್ತಾರವಾಗಿರುತ್ತದೆ. ಡಿಸ್ಕ್‌ನ ಸಾಲಿನಲ್ಲಿ ಮಾತ್ರ "4 ಟೆರಾಬೈಟ್" ಎಂಬ ಒಂದು ನಮೂದು ಇರುವುದು ಸಾಮಾನ್ಯ.

ಸಂಕಲನದ ಗಣಕಯಂತ್ರ ತಡವರಿಸುವುದಕ್ಕೆ ಮತ್ತು ಚಿತ್ರಿಸಿದ ದೃಶ್ಯಗಳು ಕೈತಪ್ಪಿ ಹೋಗುವುದಕ್ಕೆ ಈ ಒಂದು ಸಾಲಿನ ಅಸ್ಪಷ್ಟತೆಯೇ ಕಾರಣವಾಗುವುದುಂಟು. ಧಾರೆಯ ಮುಹೂರ್ತವನ್ನಾಗಲಿ, ನೇಮದಲ್ಲಿ ದೈವದ ನುಡಿಯನ್ನಾಗಲಿ ಎರಡನೆಯ ಬಾರಿ ಚಿತ್ರಿಸಲು ಸಾಧ್ಯವಿಲ್ಲ. ಸಾಲದ ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಆದುದರಿಂದ ಡಿಸ್ಕ್ ಕೊಳ್ಳುವ ಮೊದಲು ಎಷ್ಟು ವೇಗ ಅಗತ್ಯವೆಂದು ಲೆಕ್ಕ ಹಾಕುವ, ಕೊಂಡ ನಂತರ ಅದು ದೊರೆಯುತ್ತಿದೆಯೇ ಎಂದು ಪರೀಕ್ಷಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗವು ಆ ಡಿಸ್ಕ್ ಅತ್ಯಂತ ಅನುಕೂಲಕರ ಸ್ಥಿತಿಯಲ್ಲಿ ತಲುಪಬಲ್ಲ ವೇಗವಾಗಿರುತ್ತದೆ. ಸಂಕಲನಕಾರನಿಗೆ ಬೇಕಾಗಿರುವುದು ಅದು ಅತ್ಯಂತ ಕಷ್ಟದ ಸ್ಥಿತಿಯಲ್ಲಿ ಉಳಿಸಿಕೊಳ್ಳುವ ವೇಗ.

ಎಷ್ಟು ವೇಗ ಬೇಕು?

ಮೊದಲಿಗೆ ಅಳತೆಯ ವಿಚಾರ. ಕ್ಯಾಮೆರಾದ ವೇಗವನ್ನು ಸೆಕೆಂಡಿಗೆ ಮೆಗಾಬಿಟ್‌ಗಳಲ್ಲಿಯೂ ಡಿಸ್ಕ್‌ನ ವೇಗವನ್ನು ಸೆಕೆಂಡಿಗೆ ಮೆಗಾಬೈಟ್‌ಗಳಲ್ಲಿಯೂ ಹೇಳುವ ರೂಢಿಯಿದೆ. 8 ಬಿಟ್‌ಗಳಿಗೆ ಒಂದು ಬೈಟ್. ಆದುದರಿಂದ 100 ಮೆಗಾಬಿಟ್ ವೇಗದಲ್ಲಿ 4ಕೆ ಚಿತ್ರಿಸುವ ಕ್ಯಾಮೆರಾ ಸೆಕೆಂಡಿಗೆ 12.5 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್ ಸ್ಥಳವನ್ನು ತುಂಬುತ್ತದೆ. ಐದು ಗಂಟೆಯ ಕಾಲಮಿತಿ ಯಕ್ಷಗಾನವನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರಿಸಿದರೆ ಒಟ್ಟು 675 ಗಿಗಾಬೈಟ್ ಆಗುತ್ತದೆ. ಇದರ ಒಂದು ಹೆಚ್ಚುವರಿ ಪ್ರತಿ ತೆಗೆದರೆ 1,350 ಗಿಗಾಬೈಟ್. ಮಾರಾಟಗಾರರು ಹೇಳುವ 4 ಟೆರಾಬೈಟ್ ಡಿಸ್ಕನ್ನು ವಿಂಡೋಸ್ ಸುಮಾರು 3.6 ಟೆರಾಬೈಟ್ ಎಂದು ತೋರಿಸುತ್ತದೆ. ಇದು ಎಣಿಕೆಯ ಪದ್ಧತಿಯ ವ್ಯತ್ಯಾಸವಷ್ಟೇ, ಮೋಸವಲ್ಲ.

ಸಂಕಲನಕ್ಕಾಗಿ ದೃಶ್ಯಗಳನ್ನು ಪ್ರೋರೆಸ್ ಮಾದರಿಗೆ ಪರಿವರ್ತಿಸಿದಾಗ ಲೆಕ್ಕ ಬದಲಾಗುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ಫುಲ್ ಎಚ್‌ಡಿ ದೃಶ್ಯಕ್ಕೆ ಪ್ರೋರೆಸ್ 422 ಎಚ್‌ಕ್ಯೂ ಮಾದರಿಯಲ್ಲಿ ಸುಮಾರು 184 ಮೆಗಾಬಿಟ್, ಅಂದರೆ 23 ಮೆಗಾಬೈಟ್ ಬೇಕು. ಅದೇ ಮಾದರಿಯ 4ಕೆ ಯುಎಚ್‌ಡಿ ದೃಶ್ಯಕ್ಕೆ ಸುಮಾರು 737 ಮೆಗಾಬಿಟ್, ಅಂದರೆ 92 ಮೆಗಾಬೈಟ್ ಬೇಕು. ಮೂರು ಕ್ಯಾಮೆರಾಗಳ ದೃಶ್ಯವನ್ನು ಒಟ್ಟಿಗೆ ಓಡಿಸಲು ಇದರ ಮೂರು ಪಟ್ಟು, ಎಂದರೆ ಸೆಕೆಂಡಿಗೆ 276 ಮೆಗಾಬೈಟ್. ಒಂಟಿ ಹಾರ್ಡ್ ಡಿಸ್ಕ್ ಇಷ್ಟನ್ನು ಸತತವಾಗಿ ಒದಗಿಸುವುದಿಲ್ಲ.

ಹಾರ್ಡ್ ಡಿಸ್ಕ್ ಎಡವುವ ಸ್ಥಳ

ಅರ್ಜಿದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: "ಡಿಸ್ಕ್ ಸೆಕೆಂಡಿಗೆ 200 ಮೆಗಾಬೈಟ್ ಓದುತ್ತದೆ, ನನಗೆ ಬೇಕಾಗಿರುವುದು 69 ಮಾತ್ರ, ಹಾಗಿದ್ದರೂ ಚಿತ್ರ ಏಕೆ ತಡೆತಡೆದು ಬರುತ್ತದೆ?" ಇದಕ್ಕೆ ಉತ್ತರ ಡಿಸ್ಕ್‌ನ ಯಾಂತ್ರಿಕ ರಚನೆಯಲ್ಲಿದೆ.

ನಿಮಿಷಕ್ಕೆ 7,200 ಬಾರಿ ತಿರುಗುವ ತಟ್ಟೆಯು ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಭಾಗವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಒಂದು ಸ್ಥಳದಿಂದ ಇನ್ನೊಂದಕ್ಕೆ ಸರಿಯಲು ಮತ್ತೆ 8ರಿಂದ 9 ಮಿಲಿಸೆಕೆಂಡ್ ಬೇಕು. ಹೀಗೆ ಪ್ರತಿ ಜಿಗಿತಕ್ಕೆ ಸುಮಾರು 12.5 ಮಿಲಿಸೆಕೆಂಡ್ ವ್ಯಯವಾಗುತ್ತದೆ. ಮೂರು ಕ್ಯಾಮೆರಾಗಳ ಕಡತಗಳು ಡಿಸ್ಕ್‌ನ ಮೂರು ಕಡೆಗಳಲ್ಲಿದ್ದು, ಪ್ರತಿ ಬಾರಿ 1 ಮೆಗಾಬೈಟ್ ಮಾತ್ರ ಓದಿ ಮುಂದಿನ ಕಡತಕ್ಕೆ ಜಿಗಿಯಬೇಕಾದರೆ, ಓದಲು 5 ಮಿಲಿಸೆಕೆಂಡ್, ಜಿಗಿಯಲು 12.5 ಮಿಲಿಸೆಕೆಂಡ್ ಆಗುತ್ತದೆ. 200 ಮೆಗಾಬೈಟ್ ವೇಗದ ಡಿಸ್ಕ್ ಆಗ ಸೆಕೆಂಡಿಗೆ ಸುಮಾರು 57 ಮೆಗಾಬೈಟ್ ಮಾತ್ರ ನೀಡುತ್ತದೆ. ಮೂರು ಫುಲ್ ಎಚ್‌ಡಿ ಎಚ್‌ಕ್ಯೂ ದೃಶ್ಯಗಳಿಗೆ ಬೇಕಾದ 69 ಮೆಗಾಬೈಟ್ ಅದರಿಂದ ದೊರೆಯುವುದಿಲ್ಲ. ಪ್ರತಿ ಬಾರಿ 4 ಮೆಗಾಬೈಟ್ ಓದಿದರೆ ಅದೇ ಡಿಸ್ಕ್ ಸುಮಾರು 123 ಮೆಗಾಬೈಟ್ ನೀಡಬಲ್ಲದು. ಜಿಗಿತಗಳು ಕಡಿಮೆಯಾದಷ್ಟೂ ಡಿಸ್ಕ್ ಸುಧಾರಿಸುತ್ತದೆ.

ಕಡತ ವ್ಯವಸ್ಥೆಯ ಪಾತ್ರ ಇಲ್ಲಿಯೇ ಬರುತ್ತದೆ. ಯಾವ ಕಡತ ಡಿಸ್ಕ್‌ನ ಯಾವ ಭಾಗದಲ್ಲಿದೆ ಎಂಬ ಲೆಕ್ಕವನ್ನು ಇಡುವುದೇ ಕಡತ ವ್ಯವಸ್ಥೆ. ಅದು ಒಂದು ಕಡತವನ್ನು ಒಂದೇ ಉದ್ದನೆಯ ಪಟ್ಟಿಯಾಗಿ ಇರಿಸಿದರೆ ಜಿಗಿತ ಕಡಿಮೆ, ಚೂರು ಚೂರಾಗಿ ಹಂಚಿದರೆ ಜಿಗಿತ ಹೆಚ್ಚು. ಡಿಸ್ಕ್ ತುಂಬುತ್ತಾ ಬಂದಂತೆ ಉದ್ದನೆಯ ಖಾಲಿ ಜಾಗ ದೊರೆಯದೆ ಚೂರುಗಳು ಹೆಚ್ಚುತ್ತವೆ. ಇದರೊಂದಿಗೆ, ತಟ್ಟೆಯ ಒಳ ಸುತ್ತುಗಳಲ್ಲಿ ಓದುವ ವೇಗವು ಹೊರ ಸುತ್ತುಗಳ ವೇಗದ ಸುಮಾರು ಅರ್ಧದಷ್ಟೇ ಇರುತ್ತದೆ. ಹೊಸ ಡಿಸ್ಕ್‌ನಲ್ಲಿ ಮೊದಲ ದಿನ ಮಾಡಿದ ಪರೀಕ್ಷೆಯ ಫಲಿತಾಂಶವು ಮದುವೆಯ ಋತುವಿನ ಕೊನೆಯಲ್ಲಿ ದೊರೆಯದಿರಲು ಇವೇ ಕಾರಣ. ದೃಶ್ಯ ಸಂಗ್ರಹದ ಡಿಸ್ಕನ್ನು ಶೇಕಡಾ 80ಕ್ಕಿಂತ ಹೆಚ್ಚು ತುಂಬದಿರುವುದು ಒಳ್ಳೆಯದು.

ಯಾವ ಕಡತ ವ್ಯವಸ್ಥೆ?

ವಿಂಡೋಸ್ ಬಳಸುವ ಘಟಕಗಳಿಗೆ ಎನ್‌ಟಿಎಫ್‌ಎಸ್ ಸಾಕು. ದೃಶ್ಯ ಸಂಗ್ರಹಕ್ಕಾಗಿಯೇ ಮೀಸಲಿಟ್ಟ ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗ ಹಂಚಿಕೆಯ ಘಟಕದ ಗಾತ್ರವನ್ನು ಪೂರ್ವನಿಗದಿತ 4 ಕಿಲೊಬೈಟ್‌ನ ಬದಲು 64 ಕಿಲೊಬೈಟ್ ಎಂದು ಆಯ್ಕೆ ಮಾಡಬಹುದು. ದೊಡ್ಡ ಕಡತಗಳ ಲೆಕ್ಕ ಇದರಿಂದ ಸರಳವಾಗುತ್ತದೆ. ಆದರೆ ಇದರಿಂದ ಪವಾಡವನ್ನು ನಿರೀಕ್ಷಿಸಬಾರದು, ಪ್ರಯೋಜನ ಅಲ್ಪ. ಸಂಕೋಚನ ಸೌಲಭ್ಯವನ್ನು ದೃಶ್ಯಗಳ ಡಿಸ್ಕ್‌ನಲ್ಲಿ ಬಳಸಬಾರದು. ವಿಡಿಯೊ ಈಗಾಗಲೇ ಸಂಕುಚಿತವಾಗಿರುವುದರಿಂದ ಸ್ಥಳ ಉಳಿಯುವುದಿಲ್ಲ, ಪ್ರೊಸೆಸರ್‌ನ ಹೊರೆ ಮಾತ್ರ ಹೆಚ್ಚುತ್ತದೆ.

ಲಿನಕ್ಸ್ ಬಳಸುವವರಿಗೆ ಎಕ್ಸ್‌ಎಫ್‌ಎಸ್ ಉತ್ತಮ ಆಯ್ಕೆ. ಚಿತ್ರ ಮತ್ತು ಗ್ರಾಫಿಕ್ಸ್ ಕೆಲಸದ ಗಣಕಯಂತ್ರಗಳಿಗೆ ಹೆಸರಾಗಿದ್ದ ಸಿಲಿಕಾನ್ ಗ್ರಾಫಿಕ್ಸ್ ಸಂಸ್ಥೆಯು 1990ರ ದಶಕದಲ್ಲಿ ದೊಡ್ಡ ಕಡತಗಳನ್ನು ದೃಷ್ಟಿಯಲ್ಲಿಟ್ಟು ರೂಪಿಸಿದ ವ್ಯವಸ್ಥೆಯಿದು. ಇದನ್ನು ಒಮ್ಮೆ ರಚಿಸಿದ ಮೇಲೆ ಹಿಗ್ಗಿಸಬಹುದೇ ಹೊರತು ಕುಗ್ಗಿಸಲಾಗದು. ಎಕ್ಸ್‌ಟಿ4 ಬಳಸಿದರೂ ಬಾಧಕವಿಲ್ಲ. ಆದರೆ ಅದು ಪೂರ್ವನಿಗದಿಯಂತೆ ಶೇಕಡಾ 5ರಷ್ಟು ಸ್ಥಳವನ್ನು ವ್ಯವಸ್ಥಾಪಕ ಖಾತೆಗಾಗಿ ಕಾದಿರಿಸುತ್ತದೆ. 4 ಟೆರಾಬೈಟ್‌ನಲ್ಲಿ ಇದು 200 ಗಿಗಾಬೈಟ್, ಅಂದರೆ ಮೇಲೆ ಹೇಳಿದ ಕ್ಯಾಮೆರಾದ ನಾಲ್ಕು ಗಂಟೆಗೂ ಮೀರಿದ ಚಿತ್ರೀಕರಣ. ದೃಶ್ಯ ಸಂಗ್ರಹದ ಡಿಸ್ಕ್‌ನಲ್ಲಿ ಈ ಕಾದಿರಿಸುವಿಕೆಯನ್ನು ಶೇಕಡಾ 1ಕ್ಕೆ ಇಳಿಸಬಹುದಾಗಿದೆ. ಕಡತವನ್ನು ಓದಿದಾಗಲೆಲ್ಲ ಓದಿದ ಸಮಯವನ್ನು ಬರೆದಿಡುವ ಕ್ರಮವನ್ನೂ ನಿಲ್ಲಿಸಬಹುದು.

ಎಕ್ಸ್‌ಫ್ಯಾಟ್ ವಿಚಾರದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಇದು ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲಿಯೂ ಕೆಲಸ ಮಾಡುವುದರಿಂದ ಹೊರಗಿನ ಡಿಸ್ಕ್‌ಗಳಿಗೆ ಅನುಕೂಲ. ಆದರೆ ಬರೆಯುವ ಕೆಲಸದ ದಿನಚರಿಯನ್ನು ಇಡುವ ವ್ಯವಸ್ಥೆ ಅದರಲ್ಲಿಲ್ಲ. ಎನ್‌ಟಿಎಫ್‌ಎಸ್, ಎಕ್ಸ್‌ಎಫ್‌ಎಸ್, ಎಕ್ಸ್‌ಟಿ4 ಮೂರೂ ಅಂತಹ ದಿನಚರಿಯನ್ನು ಇಡುತ್ತವೆ, ಆದುದರಿಂದ ನಡುವೆ ವಿದ್ಯುತ್ ಹೋದರೆ ಕಡತಗಳ ಲೆಕ್ಕವನ್ನು ಸರಿಪಡಿಸಿಕೊಳ್ಳುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳಿನ ಸಂಜೆಗಳಲ್ಲಿ ಗುಡುಗು ಮಿಂಚಿನೊಡನೆ ವಿದ್ಯುತ್ ಹೋಗುವುದು ನಮ್ಮ ತಾಲ್ಲೂಕುಗಳಲ್ಲಿ ಯಾರಿಗೂ ಹೊಸತಲ್ಲ. ಎಕ್ಸ್‌ಫ್ಯಾಟ್ ಡಿಸ್ಕನ್ನು ಸಾಗಣೆಗೆ ಮಾತ್ರ ಬಳಸಿ, ಅದರ ಮೇಲೆ ನೇರವಾಗಿ ಸಂಕಲನ ಮಾಡದಿರುವುದು ಕ್ಷೇಮ.

ಹಳೆಯ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತವು 4 ಗಿಗಾಬೈಟ್ ಮೀರುವಂತಿಲ್ಲ. 2000ರ ದಶಕದ ಮಿನಿ ಡಿವಿ ಟೇಪುಗಳನ್ನು ಈಗ ಗಣಕಯಂತ್ರಕ್ಕೆ ಇಳಿಸಿಕೊಳ್ಳುತ್ತಿರುವವರು ಇದನ್ನು ಗಮನಿಸಬೇಕು. ಟೇಪಿನ ಒಂದು ಗಂಟೆಯ ದೃಶ್ಯ ಸುಮಾರು 13 ಗಿಗಾಬೈಟ್ ಆಗುವುದರಿಂದ ಫ್ಯಾಟ್32 ಡಿಸ್ಕ್‌ನಲ್ಲಿ ಸುಮಾರು 19 ನಿಮಿಷಕ್ಕೆ ಕಡತದ ಮಿತಿ ಮುಗಿಯುತ್ತದೆ.

ಎಸ್‌ಎಸ್‌ಡಿ ಮತ್ತು ಅದರ ಗುಟ್ಟು

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಆದುದರಿಂದ ಜಿಗಿತದ ತೊಂದರೆ ಬಹುಮಟ್ಟಿಗೆ ಇಲ್ಲ. ಸ್ಯಾಟಾ ಜೋಡಣೆಯ ಎಸ್‌ಎಸ್‌ಡಿ ಸೆಕೆಂಡಿಗೆ 550 ಮೆಗಾಬೈಟ್‌ವರೆಗೆ, ಎನ್‌ವಿಎಂಇ ಜೋಡಣೆಯದು ಅದರ ಹಲವು ಪಟ್ಟು ಓದುತ್ತದೆ. ಮೂರು ನಾಲ್ಕು ಕ್ಯಾಮೆರಾಗಳ ಕೆಲಸಕ್ಕೆ ಸ್ಯಾಟಾ ಎಸ್‌ಎಸ್‌ಡಿಯೇ ಸಾಕಾಗುವುದುಂಟು. ಸೀಮಿತ ಸಾಲದ ಮೊತ್ತದಲ್ಲಿ ದುಬಾರಿ ಎನ್‌ವಿಎಂಇಗಿಂತ ಹೆಚ್ಚುವರಿ ಪ್ರತಿಗಾಗಿ ಎರಡು ಹಾರ್ಡ್ ಡಿಸ್ಕ್‌ಗಳನ್ನು ಸೇರಿಸಿಕೊಳ್ಳುವುದು ಹೆಚ್ಚು ವಿವೇಕದ ನಿರ್ಧಾರವೆಂದು ಹೇಳಬಹುದು.

ಬರೆಯುವಾಗಿನ ವೇಗದ ಕಥೆ ಬೇರೆ. ಅನೇಕ ಎಸ್‌ಎಸ್‌ಡಿಗಳು ತಮ್ಮ ಒಂದು ಭಾಗವನ್ನು ವೇಗದ ತಾತ್ಕಾಲಿಕ ಸಂಗ್ರಹವಾಗಿ ಬಳಸುತ್ತವೆ. ಮೊದಲ ಕೆಲವು ಹತ್ತು ಗಿಗಾಬೈಟ್‌ಗಳು ಮಿಂಚಿನಂತೆ ಇಳಿಯುತ್ತವೆ. ಆ ಭಾಗ ತುಂಬಿದ ಮೇಲೆ ವೇಗ ಕುಸಿಯುತ್ತದೆ. ಕ್ಯೂಎಲ್‌ಸಿ ಮಾದರಿಯ ಅಗ್ಗದ ಎಸ್‌ಎಸ್‌ಡಿಗಳಲ್ಲಿ ಇದು ಸಾಧಾರಣ ಹಾರ್ಡ್ ಡಿಸ್ಕ್‌ಗಿಂತಲೂ ಕೆಳಗೆ ಇಳಿಯುವುದುಂಟು. ಅಂಗಡಿಯಲ್ಲಿ ಒಂದು ಸಿನಿಮಾ ನಕಲಿಸಿ ತೋರಿಸಿದರೆ ಇದು ಗೊತ್ತಾಗುವುದಿಲ್ಲ, 675 ಗಿಗಾಬೈಟ್ ಇಳಿಸುವಾಗ ಗೊತ್ತಾಗುತ್ತದೆ. ಹಾರ್ಡ್ ಡಿಸ್ಕ್‌ಗಳಲ್ಲಿಯೂ ಎಸ್‌ಎಂಆರ್ ಎಂಬ ಮಾದರಿಯವು ಹಳೆಯದನ್ನು ಅಳಿಸಿ ಮತ್ತೆ ಬರೆಯುವಾಗ ಬಹಳ ನಿಧಾನವಾಗುತ್ತವೆ. ಸಂಕಲನದ ಡಿಸ್ಕ್ ಸಿಎಂಆರ್ ಮಾದರಿಯದಾಗಿರಲಿ. ಈ ವಿವರಗಳನ್ನು ಡಿಸ್ಕ್‌ನ ಪೂರ್ಣ ಮಾದರಿ ಸಂಖ್ಯೆಯೊಂದಿಗೆ ದರಪಟ್ಟಿಯಲ್ಲಿ ನಮೂದಿಸುವಂತೆ ಮಾರಾಟಗಾರರನ್ನು ಕೇಳುವುದು.

ಪರೀಕ್ಷೆಯ ಕ್ರಮ

ಪರೀಕ್ಷೆಯಲ್ಲಿ ಮೋಸಹೋಗಲು ಮುಖ್ಯ ಕಾರಣ ರ್‍ಯಾಮ್. ಗಣಕಯಂತ್ರವು ಇತ್ತೀಚೆಗೆ ಓದಿದ ಅಥವಾ ಬರೆದ ಕಡತವನ್ನು ರ್‍ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. 16 ಗಿಗಾಬೈಟ್ ರ್‍ಯಾಮ್ ಇರುವ ಯಂತ್ರದಲ್ಲಿ 2 ಗಿಗಾಬೈಟ್ ಕಡತವನ್ನು ಎರಡು ಬಾರಿ ನಕಲಿಸಿ ಸಮಯ ನೋಡಿದರೆ ಅಳೆದದ್ದು ಡಿಸ್ಕನ್ನಲ್ಲ, ರ್‍ಯಾಮನ್ನು. ಪರೀಕ್ಷೆಯ ಕಡತವು ರ್‍ಯಾಮ್‌ನ ಕನಿಷ್ಠ ಎರಡು ಪಟ್ಟು ದೊಡ್ಡದಾಗಿರಬೇಕು ಅಥವಾ ರ್‍ಯಾಮನ್ನು ಬದಿಗಿರಿಸಿ ನೇರವಾಗಿ ಡಿಸ್ಕನ್ನು ಅಳೆಯುವ ತಂತ್ರಾಂಶವನ್ನು ಬಳಸಬೇಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲಿಯೂ ಬ್ಲ್ಯಾಕ್‌ಮ್ಯಾಜಿಕ್ ಡಿಸ್ಕ್ ಸ್ಪೀಡ್ ಟೆಸ್ಟ್, ಲಿನಕ್ಸ್‌ನಲ್ಲಿ ಎಫ್‌ಐಒ ಉಚಿತವಾಗಿ ದೊರೆಯುತ್ತವೆ. ಬರಿಯ ಸೊನ್ನೆಗಳಿಂದ ತುಂಬಿದ ಕಡತವನ್ನು ಪರೀಕ್ಷೆಗೆ ಬಳಸಬಾರದು. ಸಂಕೋಚನ ಮಾಡುವ ಡಿಸ್ಕ್ ಮತ್ತು ಕಡತ ವ್ಯವಸ್ಥೆಗಳು ಸೊನ್ನೆಗಳನ್ನು ಬರೆಯದೆಯೇ ಬರೆದಂತೆ ತೋರಿಸಬಲ್ಲವು.

ಪರೀಕ್ಷೆಯನ್ನು ಖಾಲಿ ಡಿಸ್ಕ್‌ನಲ್ಲಿ ಒಮ್ಮೆ, ಶೇಕಡಾ 70ರಿಂದ 80 ತುಂಬಿಸಿ ಮತ್ತೊಮ್ಮೆ ನಡೆಸುವುದು. ಎಸ್‌ಎಸ್‌ಡಿಯಾದರೆ ನಿಮ್ಮ ಒಂದು ಕಾರ್ಯಕ್ರಮದಷ್ಟು ದೊಡ್ಡ ದೃಶ್ಯರಾಶಿಯನ್ನು ಒಂದೇ ಬಾರಿಗೆ ನಕಲಿಸಿ, ಅರ್ಧ ಗಂಟೆಯ ನಂತರದ ವೇಗವನ್ನು ಬರೆದಿಟ್ಟುಕೊಳ್ಳಬೇಕು. ನಕಲಿಸುವ ಮೂಲ ಡಿಸ್ಕ್ ಇದಕ್ಕಿಂತ ವೇಗವಾಗಿರಬೇಕು, ಇಲ್ಲವಾದರೆ ಅಳೆದದ್ದು ಮೂಲದ ವೇಗವಾಗುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಗಳು ಬಿಸಿಯೇರಿದಾಗ ತಾವಾಗಿಯೇ ನಿಧಾನವಾಗುತ್ತವೆ. ಆದುದರಿಂದ ಹವಾನಿಯಂತ್ರಣವಿಲ್ಲದ ಕೊಠಡಿಯಲ್ಲಿ ಕೆಲಸ ಮಾಡುವವರು ಬೇಸಿಗೆಯ ಮಧ್ಯಾಹ್ನವೇ ಪರೀಕ್ಷಿಸುವುದು ಸೂಕ್ತ.

ಎಫ್‌ಐಒ ಬಳಸಬಲ್ಲವರು ಏಕಕಾಲಕ್ಕೆ ಮೂರು ಅಥವಾ ನಾಲ್ಕು ಕಡತಗಳನ್ನು 1 ಮೆಗಾಬೈಟ್ ತುಂಡುಗಳಲ್ಲಿ ಓದಿಸಿ ನೋಡಬೇಕು. ಫಲಿತಾಂಶದಲ್ಲಿ ಸರಾಸರಿ ವೇಗಕ್ಕಿಂತ ಕಾಯುವ ಅವಧಿಯ ಸಾಲುಗಳು ಮುಖ್ಯ. ಸೆಕೆಂಡಿಗೆ 25 ಫ್ರೇಮ್‌ಗಳಿದ್ದಲ್ಲಿ ಒಂದು ಫ್ರೇಮ್‌ಗೆ ದೊರೆಯುವ ಕಾಲ 40 ಮಿಲಿಸೆಕೆಂಡ್. ಸಂಕಲನ ತಂತ್ರಾಂಶವು ಕೆಲವು ಫ್ರೇಮ್‌ಗಳನ್ನು ಮುಂಚಿತವಾಗಿ ಓದಿಟ್ಟುಕೊಳ್ಳುವುದರಿಂದ ಅಪರೂಪದ ವಿಳಂಬ ಕಣ್ಣಿಗೆ ಬೀಳುವುದಿಲ್ಲ. ನೂರರಲ್ಲಿ ಒಂದು ಓದು 40 ಮಿಲಿಸೆಕೆಂಡ್ ಮೀರಿ ಬಹಳ ಮುಂದೆ ಹೋಗುತ್ತಿದ್ದರೆ ಮಾತ್ರ ಚಿತ್ರ ತಡೆಯುವ ಸಂಭವವಿದೆ. ಎಫ್‌ಐಒಗೆ ಕಡತದ ಹೆಸರನ್ನೇ ಕೊಡಬೇಕು. ಡಿಸ್ಕ್‌ನ ಹೆಸರನ್ನು ಕೊಟ್ಟು ಬರೆಯುವ ಪರೀಕ್ಷೆ ಮಾಡಿದರೆ ಅದರಲ್ಲಿರುವ ಎಲ್ಲವೂ ಅಳಿಸಿಹೋಗುತ್ತದೆ. ಗ್ರಾಹಕರ ದೃಶ್ಯಗಳಿರುವ ಡಿಸ್ಕ್‌ನ ಮೇಲೆ ಇಂತಹ ಪ್ರಯೋಗಗಳನ್ನು ಮಾಡಲೇಬಾರದು.

ಕೊನೆಯ ಪರೀಕ್ಷೆ ನಿಜವಾದ ಕೆಲಸದ್ದೇ ಆಗಿರಲಿ. ಮೂರು ಕ್ಯಾಮೆರಾಗಳ ದೃಶ್ಯವನ್ನು ಸಂಕಲನ ತಂತ್ರಾಂಶದಲ್ಲಿ ಜೋಡಿಸಿ ಇಪ್ಪತ್ತು ನಿಮಿಷ ಓಡಿಸುವುದು. ಪ್ರೀಮಿಯರ್ ಪ್ರೋ ತಂತ್ರಾಂಶದಲ್ಲಿ ಬಿಟ್ಟುಹೋದ ಫ್ರೇಮ್‌ಗಳನ್ನು ಎಣಿಸುವ ಸೂಚಕವಿದೆ. ಇದೇ ವೇಳೆ ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸರ್ ಮತ್ತು ಡಿಸ್ಕ್‌ಗಳಲ್ಲಿ ಯಾವುದು ಶೇಕಡಾ 100ನ್ನು ಮುಟ್ಟುತ್ತಿದೆ ಎಂದು ನೋಡುವುದು. ಕ್ಯಾಮೆರಾ ನೇರವಾಗಿ ನೀಡುವ ಎಚ್.264 ಮತ್ತು ಎಚ್.265 ಕಡತಗಳು ಡಿಸ್ಕ್‌ಗೆ ಹಗುರ, ಪ್ರೊಸೆಸರ್‌ಗೆ ಭಾರ. ಮೂರು ಕ್ಯಾಮೆರಾಗಳ 100 ಮೆಗಾಬಿಟ್ ದೃಶ್ಯಕ್ಕೆ ಒಟ್ಟು 37.5 ಮೆಗಾಬೈಟ್ ಸಾಕಾಗಿದ್ದರೂ ಚಿತ್ರ ನಿಲ್ಲುತ್ತಿದ್ದರೆ, ಡಿಸ್ಕ್ ಸುಮ್ಮನಿದ್ದು ಪ್ರೊಸೆಸರ್ ಏದುಸಿರು ಬಿಡುತ್ತಿರುವುದು ಕಂಡುಬರಬಹುದು. ಅಂತಹ ಸ್ಥಿತಿಯಲ್ಲಿ ಹೊಸ ಡಿಸ್ಕ್‌ಗಾಗಿ ಸಾಲ ಮಾಡುವುದು ವ್ಯರ್ಥ. ಬದಲಾಗಿ ಸಂಕಲನಕ್ಕೆ ಹಗುರವಾದ ಪ್ರಾಕ್ಸಿ ಕಡತಗಳನ್ನು ತಯಾರಿಸಿಕೊಳ್ಳಬಹುದು. ಫುಲ್ ಎಚ್‌ಡಿ ಪ್ರೋರೆಸ್ ಪ್ರಾಕ್ಸಿಗೆ ಸುಮಾರು 38 ಮೆಗಾಬಿಟ್ ಮಾತ್ರ ಬೇಕು. ಮೂರು ದೃಶ್ಯಗಳಿಗೆ ಸೆಕೆಂಡಿಗೆ 15 ಮೆಗಾಬೈಟ್‌ಗಿಂತ ಕಡಿಮೆ, ಹಳೆಯ ಹಾರ್ಡ್ ಡಿಸ್ಕ್ ಕೂಡ ಇದನ್ನು ನಿಭಾಯಿಸುತ್ತದೆ. ಈ ಪರೀಕ್ಷೆಯನ್ನು ಅರ್ಜಿ ಸಲ್ಲಿಸುವ ಮೊದಲೇ, ಈಗಿರುವ ಯಂತ್ರದಲ್ಲಿ ಮಾಡಿ ನೋಡಿದವರಿಗೆ ಯೋಜನಾ ವೆಚ್ಚದಲ್ಲಿ ಉಳಿತಾಯವಾಗುತ್ತದೆ.

ಜೋಡಣೆಯ ತಂತಿಯನ್ನೂ ಮರೆಯಬಾರದು. ವೇಗದ ಎಸ್‌ಎಸ್‌ಡಿಯನ್ನು ಯುಎಸ್‌ಬಿ 2.0 ಕಿಂಡಿಗೆ ಸೇರಿಸಿದರೆ ಸೆಕೆಂಡಿಗೆ 40 ಮೆಗಾಬೈಟ್ ದಾಟುವುದು ಕಷ್ಟ. ಗಿಗಾಬಿಟ್ ಜಾಲದ ಮೂಲಕ ಡಿಸ್ಕ್ ಹಂಚಿಕೊಂಡರೆ ಎಲ್ಲರಿಗೂ ಸೇರಿ ಸುಮಾರು 110 ಮೆಗಾಬೈಟ್.

ಸುರಕ್ಷತೆ ಮತ್ತು ಮಳೆಗಾಲ

ಎರಡು ಡಿಸ್ಕ್‌ಗಳನ್ನು ರೇಡ್ 0 ಪದ್ಧತಿಯಲ್ಲಿ ಜೋಡಿಸಿದರೆ ವೇಗ ಬಹುತೇಕ ಇಮ್ಮಡಿಯಾಗುತ್ತದೆ, ಆದರೆ ಒಂದು ಕೆಟ್ಟರೂ ಎರಡರಲ್ಲಿದ್ದುದೂ ಹೋಗುತ್ತದೆ. ರೇಡ್ 1 ಮತ್ತು ರೇಡ್ 5 ಒಂದು ಡಿಸ್ಕ್ ಕೆಟ್ಟಾಗ ಕಾಪಾಡುತ್ತವೆಯೇ ಹೊರತು ಕೈತಪ್ಪಿ ಅಳಿಸಿದ ಕಡತವನ್ನಾಗಲಿ, ಸಿಡಿಲಿಗೆ ಸುಟ್ಟ ಯಂತ್ರವನ್ನಾಗಲಿ ಕಾಪಾಡುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಅಂಗೀಕೃತ ಕ್ರಮ. ಸುಳ್ಯದ ಅಂಗಡಿಯಲ್ಲಿ ಕೆಲಸದ ಪ್ರತಿ ಇದ್ದರೆ ಇನ್ನೊಂದು ಪ್ರತಿ ಮನೆಯಲ್ಲಿರಲಿ. ಮದುವೆಯ ಮನೆಯವರಿಗೆ ಮೂಲ ದೃಶ್ಯಗಳ ಡಿಸ್ಕನ್ನು ಕೊಟ್ಟರೆ ಅದೂ ಬೇರೆ ಸ್ಥಳದ ಪ್ರತಿಯಾಗುತ್ತದೆ. ಎಲ್ಲ ಪ್ರತಿಗಳೂ ಸರಿಯಾಗಿವೆಯೆಂದು ಚೆಕ್‌ಸಮ್ ಮೂಲಕ ತಾಳೆ ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಬಾರದು.

ಯುಪಿಎಸ್ ಇಲ್ಲದೆ ಸಂಕಲನ ಘಟಕವನ್ನು ನಡೆಸುವುದು ಸಲ್ಲದು. ಹತ್ತು ನಿಮಿಷದ ಸಾಮರ್ಥ್ಯವಿದ್ದರೂ ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಸಾಕು. ಸಿಡಿಲಿನ ಸಮಯದಲ್ಲಿ ಯುಪಿಎಸ್ ಇದ್ದರೂ ಗೋಡೆಯ ಪ್ಲಗ್ ಹಾಗೂ ಅಂತರ್ಜಾಲದ ತಂತಿಯನ್ನು ಕಳಚಿಡುವುದು. ಮಳೆಗಾಲದಲ್ಲಿ ಪ್ರತಿಗಳ ಡಿಸ್ಕ್‌ಗಳನ್ನು ಸಿಲಿಕಾ ಜೆಲ್ ಇರಿಸಿದ ಮುಚ್ಚಿದ ಡಬ್ಬಿಯಲ್ಲಿಡಬೇಕು. ಹವಾನಿಯಂತ್ರಿತ ಕೊಠಡಿಯಿಂದ ಹೊರತಂದ ಡಿಸ್ಕನ್ನು ಅದರ ಮೇಲಿನ ತೇವ ಆರುವವರೆಗೆ ಚಾಲನೆ ಮಾಡಬಾರದು.

ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಯೊಂದಿಗೆ ಮೇಳಗಳ ತಿರುಗಾಟವೂ ನೇಮಗಳೂ ನಿಲ್ಲುತ್ತವೆ, ಆಟಿ ತಿಂಗಳಿನಲ್ಲಿ ಮದುವೆಗಳಿರುವುದಿಲ್ಲ. ಕೆಲಸದ ಡಿಸ್ಕನ್ನು ಖಾಲಿ ಮಾಡಿ, ಪ್ರತಿಗಳನ್ನು ತಾಳೆ ನೋಡಿ, ಮತ್ತೆ ಫಾರ್ಮ್ಯಾಟ್ ಮಾಡಿ, ಇದೇ ಪರೀಕ್ಷೆಗಳನ್ನು ಪುನಃ ನಡೆಸಲು ಇದೇ ಸಮಯ. ಡಿಸ್ಕ್‌ನ ಮಾದರಿ ಸಂಖ್ಯೆ, ಕಡತ ವ್ಯವಸ್ಥೆ, ತುಂಬಿದ ಪ್ರಮಾಣ, ಪರೀಕ್ಷೆಯ ದಿನಾಂಕ ಮತ್ತು ಕನಿಷ್ಠ ವೇಗಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಹಿಂದಿನ ವರ್ಷದೊಂದಿಗೆ ಹೋಲಿಸಬಹುದು. ವೇಗ ಗಣನೀಯವಾಗಿ ಇಳಿದಿರುವ ಹಾರ್ಡ್ ಡಿಸ್ಕನ್ನು ಮುಂದಿನ ಋತುವಿನ ಕೆಲಸಕ್ಕೆ ಬಳಸದೆ, ವಾರಂಟಿಯ ಅವಧಿ ಉಳಿದಿದ್ದಲ್ಲಿ ಈ ಹಾಳೆ ಹಾಗೂ ಖರೀದಿಯ ರಸೀದಿಯೊಂದಿಗೆ ಮಾರಾಟಗಾರರಿಗೆ ಹಿಂದಿರುಗಿಸಿ ಬದಲಿಯನ್ನು ಕೋರುವುದು.